ಕೆರೆಯ ಬಾಗಿಲಿಗೆ ಸಿಕ್ಕ ಗಾದಿ

ಜುಲೈ ೧೪, ಭಾನುವಾರ. ಸೀವುಡ್ಸ್.

ಭುಜ ಇನ್ನೂ ನೋಯುತ್ತಿದೆ.

ಸೊಸೈಟಿಯ ಹಿಂದಿನ ಕೆರೆ ಮಳೆನೀರನ್ನು ತಡೆದಿಟ್ಟು, ಇಳಿತದಲ್ಲಿ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಬಿಡುತ್ತದೆ. ಉಬ್ಬರ ಬಂದಾಗ ಅದರ ಕಬ್ಬಿಣದ ಬಾಗಿಲು ತಾನಾಗಿ ಮುಚ್ಚಬೇಕು. ಇಂದು ಯಾರೋ ಎಸೆದ ಗಾದಿ ಸಿಕ್ಕಿಕೊಂಡು ಅದು ಮುಚ್ಚಲಿಲ್ಲ. ಸುರಿಯುವ ಮಳೆಯ ಜೊತೆ ಸಮುದ್ರದ ನೀರೂ ಒಳಬಂದು ಕೆರೆ ಉಕ್ಕಿತು. ನೆಲಮಹಡಿಯ ಮಹಾದೇವಕ್ಕನ ಹೊಸ್ತಿಲಿಗೆ ನೀರು ಮುಟ್ಟಿತು. ಅವರ ಯಜಮಾನರು ಎದ್ದು ನಡೆಯಲಾರರು.

ಪಾರ್ಕಿಂಗ್ ಜಗಳದಿಂದ ನನ್ನೊಡನೆ ಮಾತು ಬಿಟ್ಟಿದ್ದ ಶಶಿಕಾಂತ್ ಆಗಲೇ ನೀರಿಗಿಳಿದಿದ್ದ.

“ನೋಡ್ಕೋತ ಯಾಕ್ ನಿಂತೀರಿ? ಆ ತುದಿ ಹಿಡೀರಿ!”

ಇಬ್ಬರೂ ಎಳೆದೆವು. ಗಾದಿ ಕಿತ್ತು ಬಂತು, ಬಾಗಿಲು ಮುಚ್ಚಿತು, ನೀರು ಹೊಸ್ತಿಲು ದಾಟಲಿಲ್ಲ.

ಮಹಾದೇವಕ್ಕನ ಚಹಾವನ್ನು ಪಕ್ಕಪಕ್ಕ ಕೂತೇ ಕುಡಿದೆವು, ಮಾತಾಡಲಿಲ್ಲ. ಲಿಫ್ಟಿನಲ್ಲಿ ಮಾತ್ರ, ನಾನು ಕೈ ಚಾಚುವ ಮೊದಲೇ ಅವನು ನನ್ನ ಮಹಡಿಯ ಗುಂಡಿ ಒತ್ತಿದ.