ಹನ್ನೊಂದು ಗ್ರಾಂ

ಮಾರ್ಚ್ 3, ಬೆಳಿಗ್ಗೆ 7.10
ಮೂರು ಸಲ ಹಾಲು, ಎರಡು ಸಲ ಬಟ್ಟೆ. ನಿದ್ದೆ ಒಟ್ಟು ಎರಡು ಗಂಟೆ, ಅದೂ ಕಂತಿನಲ್ಲಿ. ಗುಂಡುವಿಗೆ ಇವತ್ತು ಐದು ತಿಂಗಳು. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟೆ. ಎದ್ದುಬಿಟ್ಟ. ಕೈಯಾರೆ ಮಾಡಿಕೊಂಡದ್ದು.

ಮಧ್ಯಾಹ್ನ
ಅತ್ತೆ ಕೋಣೆಗೆ ಬಂದು ಬಾಗಿಲು ಹಾಕಿದರು. ಹಿಂದೆಯೇ ಮಾವ. ಮೈದುನನ ಜಾಕೆಟ್ ಒಗೆಯಲು ಹಾಕುವಾಗ ಹರಿದ ಲೈನಿಂಗಿನೊಳಗೆ ಪೊಟ್ಟಣ ಸಿಕ್ಕಿದೆ. ಪ್ಲಾಸ್ಟಿಕ್ ಕವರು, ಒಳಗೆ ಮಡಿಸಿದ ಕಾಗದ, ಅದರೊಳಗೆ ಒಣಗಿದ ಸೊಪ್ಪು. ನಾನು ರಕ್ತಪರೀಕ್ಷೆಯ ಲ್ಯಾಬಿನವಳು — ಈಗ ಹೆರಿಗೆ ರಜೆ — ಆದ್ದರಿಂದ ಮನೆಯ ಮಟ್ಟಿಗೆ ಡಾಕ್ಟರು.
"ಇದು... ಅದೇನಾ?" ಅಂದರು ಅತ್ತೆ. ಗಾಂಜಾ ಎಂಬ ಪದ ಅವರ ಬಾಯಿಂದ ಹೊರಡಲಿಲ್ಲ.
ಮೂಸಿದೆ. ಹೌದು ಅಂದೆ. ಆಮೇಲೆ ಕಾಗದದ ಅಂಚಿನಲ್ಲಿ ಹಸಿರು ಶಾಯಿ ಕಂಡಿತು. ನನ್ನ ಅಕ್ಷರ.
ಜಾಕೆಟ್ ಮೊದಲು ನನ್ನ ಗಂಡನದು; ಆಗ ಸಹಪಾಠಿ, ಈಗ ಕೆಲಸದ ಮೇಲೆ ಪರವೂರಿನಲ್ಲಿ. ಕಾಲೇಜಿನ ಕೊನೇ ಟೂರಿನಲ್ಲಿ ಚಳಿ ಎಂದು ನಾನು ಹಾಕಿಕೊಂಡಿದ್ದೆ. ರೂಂಮೇಟ್ ಸೇದಲು ಕೊಟ್ಟಳು. ಒಂದೇ ಒಂದು ಸಲ. ಉಸಿರಾಡುವುದು ಹೇಗೆಂದು ಮರೆತೇಹೋಯಿತು ಅಂತ ಅರ್ಧ ಗಂಟೆ ಅತ್ತಿದ್ದೆ. ಉಳಿದದ್ದನ್ನು ರೆಕಾರ್ಡ್ ಪುಸ್ತಕದ ಅರ್ಧ ಹಾಳೆಯಲ್ಲಿ ಕಟ್ಟಿ, ಕವರಿಗೆ ತುರುಕಿ, ಎಸೆಯೋಣವೆಂದು ಜೇಬಿಗೆ ಹಾಕಿದ್ದೆ. ಮಾರನೇ ದಿನ ಇರಲಿಲ್ಲ. ಎಲ್ಲೋ ಬಿತ್ತು ಅಂದುಕೊಂಡೆ. ಆರು ವರ್ಷ ಲೈನಿಂಗಿನಲ್ಲಿ ಸುಖವಾಗಿತ್ತು.
ಹೇಳಬೇಕಿತ್ತು. ಹದಿನೇಳಕ್ಕೆ ರಜೆ ಮುಗಿಯುತ್ತದೆ. ಆಮೇಲೆ ಗುಂಡು ಇಡೀ ದಿನ ಅತ್ತೆಯ ಕೈಯಲ್ಲಿ. ಅವರ ಮನಸ್ಸು ಮುರಿದರೆ...
ಹೇಳಲಿಲ್ಲ.

ಮಾರ್ಚ್ 4
ಮಾವ ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಮಗನನ್ನು ನೇರವಾಗಿ ಕೇಳಿಬಿಡಿ ಅಂದೆ. "ಅಂಗಡಿಯವನನ್ನ ಕೇಳಿದ್ರೆ ತೂಕ ಸರಿ ಇದೆ ಅಂತಾನೇ ಹೇಳ್ತಾನೆ. ತೂಗ್ಬೇಕು," ಅಂದರು.
ತೂಗಿದರು. ಹನ್ನೊಂದು ಗ್ರಾಂ. ಪೊಟ್ಟಣ ವಾಪಸ್ ಲೈನಿಂಗಿಗೆ. ಇನ್ನು ದಿನಾ ಬೆಳಿಗ್ಗೆ ತೂಗುವುದು. ಇಳಿದರೆ ಸೇದುತ್ತಿದ್ದಾನೆ ಎಂದು ಅರ್ಥ.
ಮೈದುನನಿಗೆ ಹಡಗಿನ ಎಂಜಿನ್ ತರಬೇತಿಗೆ ಸೀಟು ಸಿಕ್ಕಿದೆ. ಹನ್ನೆರಡನೇ ತಾರೀಕಿನೊಳಗೆ ಫಾರಂ ಹೋಗಬೇಕು, ಅಪ್ಪನ ಸಹಿಯೊಂದಿಗೆ. ತಕ್ಕಡಿ ಹೇಳುವವರೆಗೆ ಸಹಿ ಇಲ್ಲ.

ಮಾರ್ಚ್ 6
ಊಟದ ಮೇಜಿನ ಮುಂದೆ ನನ್ನ ಉಪನ್ಯಾಸ. ಶ್ರೋತೃಗಳು ಇಬ್ಬರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇಪ್ಪತ್ತೈದರ ಆಸುಪಾಸಿನವರೆಗೂ ಮಿದುಳು ಬೆಳೆಯುತ್ತಿರುತ್ತದೆ, ಆ ವಯಸ್ಸಿನಲ್ಲಿ ಚಟವಾದರೆ ನೆನಪಿಗೂ ಏಕಾಗ್ರತೆಗೂ ಪೆಟ್ಟು, ಕೆಮ್ಮು, ಕೆಲವರಿಗೆ ಗಾಬರಿ, ಮತಿಭ್ರಮೆ, ಹಾಲುಣಿಸುವ ತಾಯಿಯಾದರೆ ಹಾಲಿಗೂ ಇಳಿಯುತ್ತದೆ. ಒಂದು ಸಲ ಸೇದಿದವರೆಲ್ಲ ಹಾಳಾಗುವುದಿಲ್ಲ — ಇದನ್ನು ಎರಡು ಸಲ ಹೇಳಿದೆ. ಮಾವ ಅದೊಂದನ್ನು ಮಾತ್ರ ಬರೆದುಕೊಳ್ಳಲಿಲ್ಲ.
ಅವರಿಗೆ ಬೇಕಾಗಿದ್ದದ್ದು ಲಕ್ಷಣ. ಕೆಂಪು ಕಣ್ಣು, ಮರೆವು, ಹೊತ್ತುಗೊತ್ತಿಲ್ಲದ ಹಸಿವು, ಕಾರಣವಿಲ್ಲದ ನಗು ಅಂದೆ.
ಅತ್ತೆ ನನ್ನನ್ನೇ ನೋಡಿದರು. ನಾನು ಬಿಸ್ಕತ್ತಿನ ಎರಡನೇ ಪ್ಯಾಕೆಟ್ಟಿನಲ್ಲಿದ್ದೆ. ಒಲೆಯ ಮೇಲೆ ನಾನಿಟ್ಟ ಹಾಲು ಉಕ್ಕಿ ತಳ ಹಿಡಿದಿತ್ತು. ಕಣ್ಣು ಕನ್ನಡಿಯಲ್ಲಿ ನೋಡಿಕೊಳ್ಳುವಂತಿರಲಿಲ್ಲ. ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ.
ನಿದ್ದೆಯಿಲ್ಲ ಅತ್ತೆ, ಅಂದೆ. ಗೊತ್ತಮ್ಮ ಅಂದರು. ಆದರೂ ಇನ್ನೊಂದು ಸಲ ನೋಡಿದರು.

ಮಾರ್ಚ್ 9
ದಿನಾ ಹನ್ನೊಂದೇ. ಮೈದುನ ಒಂಬತ್ತು ಗಂಟೆ ನಿದ್ದೆ ಮಾಡುತ್ತಾನೆ, ಕಣ್ಣು ಬೆಳ್ಳಗೆ, ಗೆಳೆಯರೆಲ್ಲರ ಫೋನ್ ನಂಬರ್ ಬಾಯಿಪಾಠ. ಪಳಗಿದವನು, ಅಂತ ಮಾವನ ತೀರ್ಮಾನ. ಕಾಗದದಲ್ಲಿ ಏನೋ ಬರೆದಿದೆಯಂತೆ, ನಾಳೆ ಬಿಚ್ಚಿ ಭೂತಗನ್ನಡಿಯಲ್ಲಿ ನೋಡುತ್ತಾರಂತೆ.
ಸಂಜೆ ಇಬ್ಬರೂ ವಾಕಿಂಗ್ ಹೋದಾಗ ಕಾಗದ ತೆಗೆದುಬಿಟ್ಟೆ. ಸೊಪ್ಪನ್ನು ಒಂದು ಎಸಳೂ ಬಿಡದೆ ಕವರಿಗೆ ಸುರಿದೆ. ಕ್ಲೀನ್ ಕೆಲಸ.

ಮಾರ್ಚ್ 10, ಬೆಳಿಗ್ಗೆ 6.30
ಒಂಬತ್ತು ಗ್ರಾಂ.
ಅರ್ಧ ಹಾಳೆ ಎರಡು ಗ್ರಾಂ. ಲ್ಯಾಬಿನಲ್ಲಿ ಮಿಲಿಗ್ರಾಂ ತೂಗುವವಳಿಗೆ ಇದು ಹೊಳೆಯಲಿಲ್ಲ.
ಮಾವನಿಗೂ ಹೊಳೆಯಲಿಲ್ಲ. "ಕಾಗದವೂ ಇಲ್ಲ. ಅದ್ರಲ್ಲೇ ಸುತ್ತಿ ಸೇದಿದಾನೆ." ಡಬ್ಬಿಯ ತೂಕ ಕಳೀರಿ ಅಂತ ಮೂವತ್ತು ವರ್ಷ ಅಂಗಡಿಯವರ ಜೀವ ತಿಂದವರು. ಮಗನ ವಿಷಯ ಬಂದರೆ ತಕ್ಕಡಿಯೂ ನಡುಗುತ್ತದೆ.
ಮೈದುನನನ್ನು ಕರೆದು ನಿಲ್ಲಿಸಿದರು. ಅವನು ಕಕ್ಕಾಬಿಕ್ಕಿ. ಸಿಗರೇಟನ್ನೇ ಮುಟ್ಟಿಲ್ಲ, ಹೊಗೆ ಅಂದರೆ ಕೆಮ್ಮು ಬರುತ್ತೆ ಅಂದ. ಕೆಮ್ಮು! ಮಾವ ಪಟ್ಟಿಯಲ್ಲಿ ಗುರುತು ಹಾಕಿದರು. ಫಾರಂ ಬೀರುವಿನೊಳಗೆ ಹೋಯಿತು, ಬೀಗದ ಕೈ ಅವರ ಜೇಬಿಗೆ.

ಮಾರ್ಚ್ 11
ಮೈದುನ ಊಟ ಬಿಟ್ಟಿದ್ದಾನೆ. ಗುಂಡುವಿನ ತೊಟ್ಟಿಲು ತೂಗುತ್ತ ಕೇಳಿದ, "ಅತ್ತಿಗೆ, ನೀವಾದ್ರೂ ನಂಬ್ತೀರಾ?"
ನೂರಕ್ಕೆ ನೂರು ಅಂದೆ.
"ಅಷ್ಟು ಗ್ಯಾರಂಟಿ ಹೇಗೆ?"
ಗುಂಡುವಿನ ಬಟ್ಟೆ ಒದ್ದೆಯಾಗಿದೆ ಅಂದೆ. ಆಗಿರಲಿಲ್ಲ.

ಮಾರ್ಚ್ 12, ಬೆಳಿಗ್ಗೆ 8.00
ಹೇಳಿದೆ. ಹಾಳೆಯನ್ನು ಮೇಜಿನ ಮೇಲಿಟ್ಟೆ. ಹಸಿರು ಶಾಯಿಯಲ್ಲಿ ಕಪ್ಪೆಯ ಅರ್ಧ ಹೃದಯ, ಕೆಳಗೆ ನನ್ನ ರೋಲ್ ನಂಬರ್.
ಮಾವ ಹಾಳೆ ತೂಗಿದರು. ಎರಡು. ಎದ್ದು ಬೀರು ತೆಗೆದು ಫಾರಂಗೆ ಸಹಿ ಹಾಕಿದರು. "ಕಾಗದದ ತೂಕ ನಾನು ಕಳೀಲಿಲ್ಲ," ಅಂದರು, ಮಗನ ಮುಖ ನೋಡದೆ. ಅವರ ಭಾಷೆಯಲ್ಲಿ ಅದು ಕ್ಷಮಾಪಣೆ.
"ಅತ್ತಿಗೆ, ನೀವಾ..." ಅಂದ ಮೈದುನ. ಸಿಟ್ಟು ಬರಬೇಕಿತ್ತು, ನಗು ಬಂತು ಅವನಿಗೆ. ಫಾರಂ ಹಿಡಿದು ಓಡಿದ.
ಅತ್ತೆ ಎದ್ದು ಅಡುಗೆಮನೆಗೆ ಹೋದರು.

8.55
ಅತ್ತೆ ಕೋಣೆಗೆ ಬಂದಿದ್ದರು. ಎಷ್ಟು ಸಲ? ಒಂದು. ಗುಂಡು ಹೊಟ್ಟೆಯಲ್ಲಿದ್ದಾಗ? ಇಲ್ಲ. ಹುಟ್ಟಿದ ಮೇಲೆ? ಇಲ್ಲ ಅತ್ತೆ, ಹೆದರಿ ಕಾಫಿಯನ್ನೇ ಬಿಟ್ಟಿದ್ದೇನೆ.
ಕೈ ಚಾಚಿದರು. ಗುಂಡುವನ್ನು ಕೊಟ್ಟೆ. ಮುಗಿಯಿತು, ಇನ್ನು ನನ್ನ ಕೈಗೆ ಕೊಡುವುದಿಲ್ಲ ಅಂದುಕೊಂಡೆ.
"ಎರಡು ಗಂಟೆ ಮಲ್ಕೊ," ಅಂದರು. "ನಿದ್ದೆ ಇಲ್ಲದೋರಿಗೆ ಬೈದ್ರೆ ತಲೆಗೇ ಹೋಗಲ್ಲ. ಎದ್ಮೇಲೆ ಬೈತೀನಿ."
ಬಾಗಿಲು ಎಳೆದುಕೊಂಡು ಹೋದರು. ಗುಂಡು ಅಳುತ್ತಿಲ್ಲ. ಅಳದಿದ್ದರೂ ಭಯ. ಒಂದು ಸಲ ಎದ್ದು ನೋಡಿ ಬರಲೇ... ಬೇಡ. ಬೈಗುಳಕ್ಕೆ ಇನ್ನೂ ಒಂದೂಮುಕ್ಕಾಲು ಗಂಟೆ ಇದೆ. ಹೀಗೆ ಬರೆಯುತ್ತ ಕೂತರೆ ಅದೂ ಮುಗಿದು... ಕಣ್ಣು ಎಳೆಯುತ್ತಿ