ಮೂರನೇ ಪ್ಲೇಟಿನ ಟಿಕ್

ಜೂನ್ 3, ಸೋಮವಾರ

ಮಾನ್ಯ ಅಧ್ಯಕ್ಷರಾದ ಟರ್ನ್‌ಟೇಬಲ್ ಅವರೇ, ವೇದಿಕೆಯ ಮೇಲಿರುವ ಎರಡು ಸ್ಪೀಕರುಗಳೇ, ಮುಂದಿನ ಸಾಲಿನಲ್ಲಿ ಆಸೀನವಾಗಿರುವ ಖಾಲಿ ಕುರ್ಚಿಯೇ, ಮುಚ್ಚಳ ಕಳೆದುಕೊಂಡ ನೀರಿನ ಬಾಟಲಿಯೇ — ಈ ಕಿವಿಕೋಣೆಯ ಪರವಾಗಿ ತಮಗೆಲ್ಲ ಹಾರ್ದಿಕ ಸ್ವಾಗತ. ಕಾರ್ಯಕ್ರಮ ಎಂದಿನಂತೆ: ಹೊಸ ಹಾಡಿನ ಪ್ಲೇಟು ಹಾಕುವುದು, ತಪ್ಪು ಹುಡುಕುವುದು. ಸರಿಯಿದ್ದರೆ ಕವರಿಗೆ ಹಸಿರು ಸ್ಟಿಕ್ಕರ್, ಗೋಡೆಯಾಚೆ ಪ್ಲೇಟು ಒತ್ತುವ ಪ್ರೆಸ್ ಓಡುತ್ತದೆ. ತಪ್ಪಿದ್ದರೆ ಕೆಂಪು, ಪ್ರೆಸ್ ನಿಲ್ಲುತ್ತದೆ. ವಂದನಾರ್ಪಣೆ ಇರುವುದಿಲ್ಲ.

ಇವತ್ತು ಎರಡು ಕೆಂಪು. ಒಂದರಲ್ಲಿ ನಡುವಿನ ತೂತು ಕೂದಲೆಳೆಯಷ್ಟು ಸರಿದಿದೆ — ಪಿಟೀಲು ಕುಡಿದವರ ಹಾಗೆ ತೂರಾಡುತ್ತದೆ. ಇನ್ನೊಂದು ತಣ್ಣಗಾಗುವ ಮೊದಲೇ ತೆಗೆದದ್ದು. ಅಂಚು ಸೊಟ್ಟ.

ಹಾಡು ಹೇಗಿತ್ತು? ಗೊತ್ತಿಲ್ಲ. ಈ ಕೆಲಸದಲ್ಲಿ ಹಾಡು ಕೇಳಬಾರದು. ಹಾಡಿನ ಕೆಳಗಿರುವುದನ್ನು ಕೇಳಬೇಕು. ಸಂಬಳ ಅದಕ್ಕೆ.

ಪದವಿ ಓದಿದ್ದಕ್ಕೆ ಉಳಿದಿರುವ ಏಕೈಕ ಆಸ್ತಿ, ಪ್ರಾಸ:

ಸೂಜಿಗೆ ಗೆರೆಯೊಳಗೆ ಓಟ,
ಕಿವಿಗೆ ಕರಕರದ ಕಾಟ,
ಗಂಟೆ ಒಂದಾದರೆ ಊಟ.

ಜೂನ್ 6

ತಮ್ಮನ ಪ್ಲೇಟು ಬಂತು. ಟೆಸ್ಟಿಗೆ. ಬಿಳಿ ಕವರು, ಹೆಸರಿಲ್ಲ.

ಅವನು ತೀರಿಹೋದದ್ದು ಕಳೆದ ಚಳಿಗಾಲದಲ್ಲಿ. ಅದಕ್ಕೆ ಮೊದಲು ಮಲಗುವ ಕೋಣೆಯಲ್ಲೇ ಮೈಕ್ ಇಟ್ಟುಕೊಂಡು ಒಂದಷ್ಟು ಹಾಡಿಟ್ಟಿದ್ದ. ಅವನ ಹೆಂಡತಿ ಹಟ ಹಿಡಿದು ಪ್ಲೇಟು ಮಾಡಿಸುತ್ತಿದ್ದಾಳೆ. ಇಲ್ಲೇ ಆಗಬೇಕು, ನಾನೇ ಕೇಳಿ ಒಪ್ಪಬೇಕು ಎಂದು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ಕೇಳಿದರು, "ಬೇರೆ ಯಾರ ಹತ್ರಾನಾದ್ರೂ ಕೇಳಿಸ್ಲಾ ಮೇಡಂ?"

"ಯಾಕೆ, ನನ್ ಕಿವಿಗೇನಾಗಿದೆ?"

ಏನೂ ಆಗಿಲ್ಲ. ನಿಜಕ್ಕೂ ಏನೂ ಆಗಿಲ್ಲ. ಚಳಿಗಾಲದಿಂದ ಏನೂ ಆಗುತ್ತಿಲ್ಲ.

ಹಾಕಿದೆ. ಮೊದಲ ಸುತ್ತಿನಿಂದಲೇ ಬಟ್ಟೆ ಹರಿದ ಹಾಗೆ — ಪರ್ರ್... ಪರ್ರ್... ಬಿಸಿ ಸಾಲದೆ ಪ್ಲಾಸ್ಟಿಕ್ಕು ಅಚ್ಚಿನ ಸಂದುಗಳಿಗೆ ಪೂರ್ತಿ ಇಳಿದಿಲ್ಲ. ಮೊದಲ ಹಾಡಿನಲ್ಲೇ ತಪ್ಪು ಸಿಕ್ಕರೆ ಮುಂದೆ ಕೇಳಬೇಕಾಗಿಲ್ಲ, ಇಲ್ಲಿಯ ರೂಢಿ. ಸೂಜಿ ಎತ್ತಿದೆ. ಕೆಂಪು.

ತಮ್ಮ ಕೇಳಿಸಿದನೇ? ಪರ್ರ್ ಕೇಳಿಸಿತು. ಅದೇ ಒಳ್ಳೆಯದಾಯಿತು.

ಜೂನ್ 7

ಪ್ರೆಸ್ ಮಾಮ ಕವರು ಹಿಡಿದುಕೊಂಡು ಬಂದರು. ಪ್ರೆಸ್ ನಡೆಸುವವರು. ಮ್ಯಾನೇಜರಿನಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ಮಾಮ.

"ಏನಮ್ಮ, ಸ್ವಂತ ತಮ್ಮಂಗೂ ಕೆಂಪಾ?"

"ನೆಂಟಸ್ತನ ಬೇರೆ, ಪರ್ರ್ ಬೇರೆ ಮಾಮ."

"ಸರಿ ತಾಯಿ. ಇನ್ನೊಂಚೂರು ಆವಿ ಕೊಡ್ತೀನಿ. ಅವನಿಗೆ ಮೊದ್ಲಿಂದಲೂ ಒಂದೇ ಕೂಗಿಗೆ ಏಳೋ ಅಭ್ಯಾಸ ಇಲ್ವಲ್ಲ."

ಊಟವಾದ ಮೇಲೆ ಅವರ ಪ್ರೆಸ್ ನೋಡುತ್ತ ನಿಂತೆ. ಪ್ಲಾಸ್ಟಿಕ್ಕಿನ ಕರಿ ಕಾಳು ಕರಗಿ ಉಂಡೆ. ಉಂಡೆ ಎರಡು ಅಚ್ಚುಗಳ ನಡುವೆ. ಆವಿ, ಒತ್ತು, ತಣ್ಣೀರು. ಅಂಚು ಕತ್ತರಿಸಿದರೆ ಪ್ಲೇಟು. ಬಿಸಿ ಮಾಡುವುದಕ್ಕಿಂತ ತಣ್ಣಗೆ ಮಾಡುವುದು ಕಷ್ಟ ಎನ್ನುತ್ತಾರೆ ಮಾಮ. ನನಗೆ ಹಾಗನ್ನಿಸಿಲ್ಲ. ನಾನು ಚೆನ್ನಾಗಿಯೇ ತಣ್ಣಗಾಗಿದ್ದೇನೆ.

ಜೂನ್ 19

ಎರಡನೇ ಪ್ಲೇಟು. ಪರ್ರ್ ಹೋಗಿದೆ. ಈಗ ಟಿಕ್. ಸುತ್ತಿಗೊಂದು. ಗಡಿಯಾರ ನುಂಗಿದವರ ಹಾಗೆ ಹಾಡಿದ್ದಾನೆ. ನಾನು ಟಿಕ್ ಹಿಡಿದುಕೊಂಡು ಕೂತೆ, ಬೇರೆ ಏನೂ ಒಳಗೆ ಬರಲಿಲ್ಲ.

ಮಾಮನನ್ನೂ ಕರೆದು ಕೇಳಿಸಿದೆ. ಹಣೆ ಚಚ್ಚಿಕೊಂಡರು. ಅಚ್ಚಿಗೆ ಏಟು ಬಿದ್ದಿದೆ, ಹೊಸದು ಮಾಡಿಸಬೇಕು. ಕೆಂಪು.

ಸಂಜೆ ತಮ್ಮನ ಹೆಂಡತಿಯ ಫೋನು.

"ಅತ್ತಿಗೆ, ಇನ್ನೂ ಆಗ್ಲಿಲ್ವಾ?"

"ಆಗುತ್ತೆ."

"ನೀವು ಒಪ್ಪಿದ್ಮೇಲೇ ನಾನು ಕೇಳೋದು ಅಂತ ಇದೀನಿ. ಕಂಪ್ಯೂಟರಲ್ಲಿರೋದನ್ನೂ ಮುಟ್ಟಿಲ್ಲ. ಹಾಡೋಕ್ ಮುಂಚೆ ಒಂದ್ ಉಸಿರು ಎಳ್ಕೊಂಡಿದಾರಲ್ಲ, ಅದನ್ನ ತೆಗೀತೀವಿ ಅಂದ್ರು ಸ್ಟುಡಿಯೋದವ್ರು. ಬೇಡ ಅಂದೆ. ಸರಿ ತಾನೆ?"

"ಸರಿ."

ಯಾವ ಉಸಿರು ಎಂದು ಕೇಳಲಿಲ್ಲ. ನೀರಿಗೆ ಹಾರುವ ಮೊದಲು, ಹಾಡುವ ಮೊದಲು, ಸುಳ್ಳು ಹೇಳುವ ಮೊದಲು — ಅವನದು ಅದೇ ದೊಡ್ಡ ಉಸಿರು. ಅಮ್ಮ ಅದರಿಂದಲೇ ಹಿಡಿಯುತ್ತಿದ್ದಳು: "ಎಳ್ಕೊಂಡಾ? ಸರಿ, ಶುರು ಮಾಡಪ್ಪ ನಿನ್ ಪುರಾಣ."

ಉಸಿರಿಗೆ ಪ್ರಾಸ: ಹೆಸರು, ಕೆಸರು, ಮೊಸರು. ಯಾವುದೂ ಬೇಡ.

ಜುಲೈ 2. ಬೆಳಗ್ಗೆ 11

ಮೂರನೇ ಪ್ಲೇಟು. ಹೊಸ ಅಚ್ಚು.

ಟಿಕ್. ಕೆಂಪು.

ಜುಲೈ 2. ಮಧ್ಯಾಹ್ನ

ಊಟ ಮಾಡಿದೆನೋ ಇಲ್ಲವೋ. ಡಬ್ಬಿ ಖಾಲಿಯಿದೆ. ಮಾಡಿರಬೇಕು.

ಜುಲೈ 4

ಮಾಮ ಆ ಪ್ಲೇಟನ್ನು ತಮ್ಮದೇ ಹಳೇ ಪ್ಲೇಯರಿನಲ್ಲಿ ಹಾಕಿ ಕೇಳಿದರಂತೆ.

"ನನ್ ಕಿವಿಗೆ ಏನೂ ಬೀಳ್ಲಿಲ್ಲ ಕಣಮ್ಮ."

ನೀರಿನ ಬಾಟಲಿಗೆ ಮುಚ್ಚಳ ಹುಡುಕಿದೆ.

"ನೀನು ಇದೆ ಅಂದ್ಮೇಲೆ ಇರ್ಲೇಬೇಕು. ನನ್ ಕಿವೀನೂ ರಿಟೈರ್ ಆಗಿರ್ಬೇಕು, ನಂಗೇ ಹೇಳಿಲ್ಲ. ಹುಡುಕ್ತೀನಿ ಬಿಡು."

ಸಂಜೆವರೆಗೆ ಪ್ರೆಸ್ ಬಿಚ್ಚಿಟ್ಟುಕೊಂಡಿದ್ದರು. ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿದರು. ಕಾಳು ಜರಡಿ ಹಿಡಿದರು. ಪೈಪು ತೊಳೆದರು. ಹೋಗುವಾಗ ಕಿಟಕಿಯಿಂದ ನನಗೆ ಕೈಯಾಡಿಸಿದರು — ಸಿಗಲಿಲ್ಲ.

ಜುಲೈ 10

ತಮ್ಮನ ಹೆಂಡತಿ ತಾನೇ ಬಂದಳು. ಖಾಲಿ ಕುರ್ಚಿಯಲ್ಲಿ ಕೂತಳು.

"ಟಿಕ್ ಇದ್ರೆ ಇರ್ಲಿ ಅತ್ತಿಗೆ. ಅಷ್ಟು ವರ್ಷ ಅವ್ರ ಗೊರಕೆ ಸಹಿಸಿದೀನಿ. ಟಿಕ್ ಯಾವ ಲೆಕ್ಕ?"

ನಕ್ಕಳು. ನಾನೂ ನಕ್ಕೆ. ಬಾಯಿ ಮಾತ್ರ.

"ಈಗ್ಲೇ ಒಂದ್ಸಲ ಹಾಕಿ. ಇಬ್ರೂ ಕೂತು ಕೇಳೋಣ."

"ಕೆಂಪು ಬಿದ್ದಿರೋದನ್ನ ಹೊರಗಿನವ್ರಿಗೆ ಕೇಳಿಸೋ ಹಾಗಿಲ್ಲ."

ಹೊರಗಿನವರು ಎಂದೆ. ಅವಳಿಗೆ.

ಬ್ಯಾಗು ಹೆಗಲಿಗೇರಿಸಿಕೊಂಡಳು. "ಆಗ್ಲಿ ಅತ್ತಿಗೆ. ಸರಿಯಾದ್ಮೇಲೇ ಹೇಳಿ."

ಕುರ್ಚಿ ಮತ್ತೆ ಖಾಲಿ. ಸಭಿಕರ ಸಂಖ್ಯೆ ಯಥಾಪ್ರಕಾರ.

ಜುಲೈ 12, ಶುಕ್ರವಾರ

ಮ್ಯಾನೇಜರ್ ಕರೆಸಿದರು.

"ಒಂದೇ ಪ್ಲೇಟಿಗೆ ಮೂರು ಸಲ ಕೆಂಪು. ಮಾಮಂಗೆ ಇನ್ನು ಪ್ರೆಸ್ ಆಗಲ್ಲ ಅನ್ಸುತ್ತೆ. ಸೋಮವಾರದಿಂದ ಪ್ಯಾಕಿಂಗಿಗೆ ಹಾಕ್ತೀನಿ. ನೀವೇನಂತೀರಿ?"

ತಲೆಯಾಡಿಸಿದೆ. ಹೌದೆಂದೋ ಬೇಡವೆಂದೋ ನನಗೇ ತಿಳಿಯಲಿಲ್ಲ. ಅವರಿಗೆ ಹೌದು ಎಂದು ಕಂಡಿತು.

ಹೊರಗೆ ಮಾಮ ಗ್ಲೌಸು ಬಿಚ್ಚುತ್ತಿದ್ದರು. ಸುದ್ದಿ ಆಗಲೇ ತಲುಪಿತ್ತು.

"ತೊಗೋತೀಯಾಮ್ಮ? ಡಬ್ಬ ಅಂಟಿಸೋಕೆ ಇಷ್ಟು ದಪ್ಪದ್ದು ಬೇಡ. ಅಡುಗೆಮನೇಲಿ ಬಿಸಿ ಪಾತ್ರೆ ಇಳಿಸೋಕಾಗುತ್ತೆ."

ತೊಗೊಂಡೆ. ಬೇಡ ಎನ್ನಬಹುದಿತ್ತು. ಇನ್ನೂ ಬೆಚ್ಚಗಿದ್ದವು.

ಜುಲೈ 15, ಸೋಮವಾರ. ಬೆಳಗ್ಗೆ 8.40

ಮಾನ್ಯ ಅಧ್ಯಕ್ಷರೇ, ಸ್ಪೀಕರುಗಳೇ, ಕುರ್ಚಿಯೇ, ಈ ದಿನದ ಕಾರ್ಯಕ್ರಮದಲ್ಲಿ ಒಂದು ಸಣ್ಣ ಬದಲಾವಣೆಯನ್ನು —

ಸಾಕು. ಯಾವ ಸಭೆ? ಇಲ್ಲಿ ಯಾರೂ ಇಲ್ಲ.

ಟಿಕ್ ಇರಲಿಲ್ಲ.

ಮೂರನೇ ಪ್ಲೇಟಿನಲ್ಲಿ ಏನೂ ಇರಲಿಲ್ಲ. ಕರಕರ ಇಲ್ಲ, ಪರ್ರ್ ಇಲ್ಲ. ಅಷ್ಟು ಸ್ವಚ್ಛವಾದ ಪ್ಲೇಟನ್ನು ಈ ಕೋಣೆಯಲ್ಲಿ ಕೇಳಿಯೇ ಇಲ್ಲ. ಕೆಳಗೆ ಹಿಡಿದುಕೊಳ್ಳುವುದಕ್ಕೆ ಒಂದು ಧೂಳಿನ ಕಣವೂ ಸಿಗಲಿಲ್ಲ. ಆಮೇಲೆ ಉಸಿರು. ಪಕ್ಕದಲ್ಲೇ ಕೂತು ಎಳೆದುಕೊಂಡ ಹಾಗೆ. ಹಾಡು ಶುರುವಾಗುವ ಮೊದಲೇ ಸೂಜಿ ಎತ್ತಿಬಿಟ್ಟೆ. ಕೇಳಲೇ ಇಲ್ಲ. ಕೇಳದೆಯೇ ಕೆಂಪು ಅಂಟಿಸಿದೆ.

ತಮ್ಮನ ಹೆಂಡತಿಗೆ ಈಗ ಫೋನ್ ಮಾಡಿದೆ. "ಬಾ" ಎಂದೆ, ಅಷ್ಟೇ ಬಂತು. ಹೊರಟಿದ್ದಾಳೆ. ಸ್ಟಿಕ್ಕರನ್ನು ಉಗುರಿನಿಂದ ಕಿತ್ತೆ. ಅರ್ಧ ಬಂತು, ಅರ್ಧ ಕವರಿನಲ್ಲೇ ಇದೆ.

ಗೋಡೆಯಾಚೆ ಪ್ಯಾಕಿಂಗ್ ಮೇಜಿಗೆ ಸ್ಟೂಲು ಎಳೆಯುವ ಸದ್ದಾಗುತ್ತಿತ್ತು. ಕೂಗಿ ಕರೆದೆ. ಮಾಮ ಬಂದು ಬಾಗಿಲಲ್ಲಿ ನಿಂತಿದ್ದಾರೆ. "ಏನ್ ಬರೀತಿದೀಯಮ್ಮ ಬೆಳಗ್ಗೆ ಬೆಳಗ್ಗೇನೇ?"

ಹೇಳಬೇಕು. ಹೇಳುವುದಕ್ಕೆ ಮೊದಲು ಒಂದು ದೊಡ್ಡ