ಅರ್ಧ ಹೊತ್ತಿನ ಬೆಳಕು

ಮಂಗಳವಾರ, ೧೪.

ಎಷ್ಟು ತೊಳೆದರೂ ಕೈಯಿಂದ ಹಲ್ಲಿಗೆ ತುಂಬುವ ಆ ರೆಸಿನ್ ವಾಸನೆ ಹೋಗುತ್ತಿಲ್ಲ. ಮೊನ್ನೆ ಹಲ್ಲು ತುಂಬಿಸಿಕೊಂಡು ಹೋಗಿದ್ದ ಟೀಚರಮ್ಮ ಇವತ್ತು ಮತ್ತೆ ಬಂದಿದ್ದರು. ಫಿಲ್ಲಿಂಗ್ ಪಕ್ಕದ ವಸಡು ಬೆಂದ ಹಾಗೆ ಬೆಳ್ಳಗಾಗಿತ್ತು. ರೆಸಿನ್ ಗಟ್ಟಿಯಾಗಿಸುವ ನೀಲಿ ಲೈಟು ಪೂರ್ತಿ ಹೊತ್ತು ಹಿಡಿಯದಿದ್ದರೆ ಅದು ಒಳಗೆ ಹಸಿಯಾಗೇ ಉಳಿದು ವಸಡಿಗೆ ಜಿನುಗುತ್ತದೆ. ನಮ್ಮಲ್ಲಿ ಹಿಡಿಯುವುದು ಅರ್ಧ ಹೊತ್ತು. ಹೊರಗೆ ಜನ ಕಾಯುತ್ತಿರುತ್ತಾರಲ್ಲ!

"ಬಿಸಿಬಿಸಿ ಏನೋ ಕುಡಿದಿರ್ತೀರಿ, ಬಿಡಿ," ಅಂತ ನಕ್ಕರು ನಮ್ಮ ದೊಡ್ಡ ಡಾಕ್ಟರು, ಅಂದರೆ ನನ್ನ ಸೋದರಮಾವ. ತಪ್ಪು ತನ್ನದೇ ಅನ್ನೋ ಹಾಗೆ ಟೀಚರಮ್ಮ ತಲೆ ತಗ್ಗಿಸಿದರು. ಥೂ.

ಸಂಜೆ ಬಾಗಿಲು ಹಾಕಿದ ಮೇಲೆ ಮಾವನೇ ಕುರ್ಚಿಯಲ್ಲಿ ಒರಗಿದರು. ಅವರ ದವಡೆ ಹಲ್ಲಿಗೂ ಹುಳುಕು. ಅದನ್ನು ತುಂಬಲು ನಾನು ರೆಸಿನ್ ತೆಗೆದುಕೊಳ್ಳುತ್ತಿದ್ದ ಹಾಗೇ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಲೈಟು ಪೂರ್ತಿ ಹೊತ್ತು ಹಿಡಿ ಕಣೇ. ಅವಸರ ಮಾಡಬೇಡ."